ಗಾಳದ ಕೋಲಿಗೂ ಒಂದು ಸ್ಟೆಪ್ನಿ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಟ್ರೌಟ್ ಮೀನಿನ ಹುಚ್ಚು ಹತ್ತಿಸಿಕೊಂಡವರ ಗಾಡಿಯೊಳಗೆ ಇಣುಕಿದರೆ, ಸೀಟಿನ ಹಿಂದೆಯೋ ಡಿಕ್ಕಿಯ ಮೂಲೆಯಲ್ಲೋ ಒಂದೂವರೆ ಮೊಳದ ಕೊಳವೆಯೊಂದು ಬಿದ್ದಿರುವುದು ಸಾಮಾನ್ಯ. ಅದರೊಳಗೆ ನಾಲ್ಕು ತುಂಡಾಗಿ ಮಲಗಿರುವುದು ಗಾಳದ ಕೋಲು. ಮನೆಯಲ್ಲಿ ಜೋಪಾನವಾಗಿಟ್ಟ ಒಳ್ಳೆಯ ಕೋಲು ಅದಲ್ಲ. ಹಳೆಯದು, ಅಗ್ಗದ್ದು, ಹೋದರೆ ಹೋಯಿತು ಅನ್ನುವಂಥದ್ದು. ಒಳ್ಳೆಯ ಕೋಲು ನದಿಯ ದಡದಲ್ಲಿ ಮುರಿದರೆ ಇದು ಕೈಗೆ ಬರಬೇಕು. ಇಲ್ಲವೇ, ಬೇರಾವುದೋ ಕೆಲಸಕ್ಕೆ ಹೊರಟವನು ಸೇತುವೆಯ ಮೇಲಿಂದ ಕೆಳಗೆ ನೋಡಿ, ಮೀನುಗಳು ಮೇಲೆದ್ದು ಹುಳ ಹಿಡಿಯುತ್ತಿರುವುದು ಕಂಡರೆ, ಅರ್ಧ ಗಂಟೆ ಕದಿಯಲು ಬೇಕು.

ಹೀಗೆ ಗಾಡಿಯಲ್ಲಿ ಇಟ್ಟುಕೊಂಡ ಎರಡನೆಯದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿದೆ: ಸ್ಟೆಪ್ನಿ. ಹುಬ್ಬಳ್ಳಿಯ ಪಂಕ್ಚರ್ ಅಂಗಡಿಯಿಂದ ದಿಲ್ಲಿಯ ಟ್ಯಾಕ್ಸಿಯವರೆಗೆ ಎಲ್ಲರಿಗೂ ಗೊತ್ತಿರುವ ಈ ಇಂಗ್ಲಿಷ್ ಪದವನ್ನು ಇವತ್ತು ಇಂಗ್ಲೆಂಡಿನಲ್ಲಿ ಹೇಳಿದರೆ ಲಂಡನ್ನಿನ ಒಂದು ಬಡಾವಣೆ ನೆನಪಾದೀತೇ ಹೊರತು ಚಕ್ರವಲ್ಲ. 1904ರ ಸುಮಾರಿಗೆ ವೇಲ್ಸಿನ ಲನೆಲ್ಲಿ ಎಂಬ ಊರಲ್ಲಿ ಡೇವಿಸ್ ಸಹೋದರರು ಮೋಟಾರಿಗೆಂದು ಒಂದು ಹೆಚ್ಚುವರಿ ಚಕ್ರ ತಯಾರಿಸಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಅದಕ್ಕೂ ಮುಂಚೆ ಮೋಟಾರುಗಳು ಸ್ಪೇರ್ ಚಕ್ರವಿಲ್ಲದೆಯೇ ಓಡುತ್ತಿದ್ದವು. ಗಾಳದ ಕೋಲಿನ ಸ್ಟೆಪ್ನಿ ಮಾತ್ರ ಇದಕ್ಕಿಂತ ಬಹಳ ಹಳೆಯದು, ಮತ್ತು ಅದರ ಕತೆ ಬರೀ ಮುರಿಯುವುದರ ಕತೆಯಲ್ಲ.

ಮೊದಲು ಈ ಕೋಲು ಯಾಕೆ ಇಷ್ಟು ನಾಜೂಕು ಎಂದು ತಿಳಿಯಬೇಕು. ಕನ್ನಡದಲ್ಲಿ ಗಾಳ ಎಂದರೆ ಕೊಕ್ಕೆಯೂ ಹೌದು, ಕೋಲು, ದಾರ, ಕೊಕ್ಕೆ ಸೇರಿದ ಇಡೀ ಸಾಮಾನೂ ಹೌದು. ಎರೆಹುಳ ಸಿಕ್ಕಿಸಿ ಕೆರೆಗೆ ಹಾಕಿ ಕೂರುವವನಿಗೆ ಕೋಲು ಯಾವುದಾದರೂ ನಡೆಯುತ್ತದೆ. ಫ್ಲೈ ಫಿಶಿಂಗ್ ಹಾಗಲ್ಲ. ಅಲ್ಲಿ ಕೊಕ್ಕೆಗೆ ಹಕ್ಕಿಯ ಗರಿ, ಪ್ರಾಣಿಯ ಕೂದಲು, ರೇಷ್ಮೆ ನೂಲು ಸುತ್ತಿ ನೀರಮೇಲಿನ ಹುಳದ ಹಾಗೆ ಕಾಣುವಂತೆ ಮಾಡುತ್ತಾರೆ. ಅದಕ್ಕೆ ತೂಕವೇ ಇಲ್ಲ, ಎಸೆದರೆ ಎರಡು ಅಡಿ ಹೋಗದು. ಅದಕ್ಕೆ ದಾರವನ್ನೇ ಭಾರವಾಗಿ ಮಾಡಿ, ಚಾವಟಿಯ ಹಾಗೆ ಹಿಂದಕ್ಕೂ ಮುಂದಕ್ಕೂ ಬೀಸಿ, ದಾರದ ಜೊತೆಗೆ ಹುಳ ಹಾರಿಹೋಗುವಂತೆ ಮಾಡಬೇಕು. ಕೋಲು ಬುಡದಿಂದ ತುದಿಯವರೆಗೆ ಬಾಗಬೇಕು, ತಕ್ಷಣ ನೆಟ್ಟಗಾಗಬೇಕು. ಎಂಟೊಂಬತ್ತು ಅಡಿ ಉದ್ದ, ತುದಿಯಲ್ಲಿ ಕಡ್ಡಿಯಷ್ಟು ಸಣ್ಣ. ಇಂಥದ್ದನ್ನು ಊರಿಂದ ಊರಿಗೆ ಒಯ್ಯುವುದು ಹೇಗೆ?

ಈ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಗಾಳದ ಪುಸ್ತಕವೇ ಉತ್ತರ ಕೊಡುತ್ತದೆ. 1496ರಲ್ಲಿ ವಿಂಕಿನ್ ದ ವೋರ್ಡ್ ಎಂಬ ಮುದ್ರಕ ಪ್ರಕಟಿಸಿದ ಈ ಗ್ರಂಥವನ್ನು ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಬರೆದಳೆಂದು ಬಹುಕಾಲ ನಂಬಿದ್ದರು. ಅದಕ್ಕೆ ಗಟ್ಟಿ ಆಧಾರವಿಲ್ಲ. ಬರೆದವರು ಯಾರೇ ಇರಲಿ, ಕೈಯಾರೆ ಕೆಲಸ ಮಾಡಿದವರು. ಚಳಿಗಾಲದಲ್ಲಿ ಹೇಝೆಲ್, ವಿಲ್ಲೊ ಅಥವಾ ಆಸ್ಪೆನ್ ಮರದಿಂದ ಒಂದೂವರೆ ಮಾರು ಉದ್ದದ, ತೋಳಿನಷ್ಟು ದಪ್ಪದ ಕೋಲು ಕಡಿಯಬೇಕು. ಒಲೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿ ಒಣಗಲು ಬಿಡಬೇಕು. ಆಮೇಲೆ ಕಾದ ಕಂಬಿಯಿಂದ ಒಳಗಿನ ತಿರುಳು ಸುಟ್ಟು ಟೊಳ್ಳು ಮಾಡಬೇಕು. ಕೋಲಿನ ಮೇಲಿನ ಭಾಗವನ್ನು ಬೇರೆ ಸಣ್ಣ ಕಡ್ಡಿಗಳಿಂದ ಕಟ್ಟಿ ಆ ಟೊಳ್ಳಿನೊಳಗೆ ಇಳಿಸಬೇಕು. ಎರಡು ಕೊನೆಗೂ ಲೋಹದ ಕಟ್ಟು. ಹೊರಗಿನಿಂದ ನೋಡಿದರೆ ಅದು ದಾರಿಹೋಕನ ಊರುಗೋಲು, ಅಷ್ಟೇ. ಇದನ್ನು ಹಿಡಿದು ನಡೆದರೆ ನೀವು ಎಲ್ಲಿಗೆ, ಯಾಕೆ ಹೊರಟಿದ್ದೀರಿ ಎಂಬುದು ಯಾರಿಗೂ ತಿಳಿಯದು ಎಂಬರ್ಥದ ಮಾತು ಅಲ್ಲೇ ಬರುತ್ತದೆ.

ಯಾರಿಗೂ ತಿಳಿಯಬಾರದು ಯಾಕೆ? ಉದ್ದದ ಕೋಲು ಪೊದೆಗೆ ಸಿಕ್ಕಿಕೊಳ್ಳುತ್ತದೆ ಎಂದಿದ್ದರೆ ಅರ್ಥವಾಗುತ್ತಿತ್ತು. ಆದರೆ ಪುಸ್ತಕ ಮೆಚ್ಚಿಕೊಳ್ಳುವುದು ಗುಟ್ಟನ್ನು. ಅದೇ ಪುಸ್ತಕದ ಕೊನೆಯಲ್ಲಿ ಬುದ್ಧಿವಾದವೂ ಇದೆ: ಬಡವನ ಸ್ವಂತ ನೀರಿನಲ್ಲಿ ಅವನ ಅಪ್ಪಣೆಯಿಲ್ಲದೆ ಮೀನು ಹಿಡಿಯಬೇಡ, ಬೇಲಿ ಮುರಿಯಬೇಡ, ತೆರೆದ ಗೇಟನ್ನು ಮುಚ್ಚಿ ಹೋಗು. ಸಾಲದ್ದಕ್ಕೆ ಮುದ್ರಕ ಇನ್ನೊಂದು ಮಾತು ಸೇರಿಸಿದ್ದಾನೆ. ಇದನ್ನು ಪುಟ್ಟ ಪುಸ್ತಿಕೆಯಾಗಿ ಹಾಕಿದರೆ ಕೆಲಸವಿಲ್ಲದವರೆಲ್ಲ ಕೊಂಡು ಮೀನು ಬರಿದು ಮಾಡಿಬಿಟ್ಟಾರು, ಅದಕ್ಕೆ ದೊಡ್ಡ ಪುಸ್ತಕದೊಳಗೆ ಸೇರಿಸಿದ್ದೇನೆ ಎಂದು. ಅಂದರೆ ಕೋಲು ಬಚ್ಚಿಡುವುದನ್ನು ಕಲಿಸುವುದೂ, ಯಾರಿಗೆ ಕಲಿಸಬಾರದು ಎಂದು ನಿರ್ಧರಿಸುವುದೂ ಒಂದೇ ಗ್ರಂಥ. ಜೊತೆಯಲ್ಲೊಂದು ಕೋಲು ಸದಾ ಇರಲಿ ಎಂಬ ಆಸೆಯ ಬೆನ್ನಿಗೇ, ಈ ನೀರು ಯಾರದ್ದು ಎಂಬ ಪ್ರಶ್ನೆ ಆಗಿನಿಂದಲೂ ಅಂಟಿಕೊಂಡಿದೆ.

ಇಂಗ್ಲೆಂಡಿನಲ್ಲಿ ಅದಕ್ಕೆ ಉತ್ತರ ಸ್ಪಷ್ಟವಿತ್ತು. ದಡ ಯಾರದ್ದೋ ಮೀನು ಹಿಡಿಯುವ ಹಕ್ಕೂ ಅವರದ್ದೇ. ಹ್ಯಾಂಪ್‌ಶೈರಿನ ಟೆಸ್ಟ್ ನದಿಯ ಹೆಸರಾಂತ ಪಾತ್ರವನ್ನು 1822ರಲ್ಲಿ ಶುರುವಾದ ಹೌಟನ್ ಕ್ಲಬ್ಬಿನ ಬೆರಳೆಣಿಕೆಯ ಸದಸ್ಯರು ಇಂದಿಗೂ ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಇನ್ನೊಬ್ಬರ ನೀರಿನಲ್ಲಿ ಗಾಳ ಹಾಕುವುದು ಅಲ್ಲಿನ 1968ರ ಕಳ್ಳತನದ ಕಾಯಿದೆಯಲ್ಲೇ ಸೇರಿದೆ. ಇಂಥ ಕಡೆ ದಾರಿಯಲ್ಲಿ ಕಂಡ ಹೊಳೆಗೆಲ್ಲ ಇಳಿಯಲು ಗಾಡಿಯಲ್ಲಿ ಕೋಲು ಇಟ್ಟುಕೊಂಡು ಉಪಯೋಗವಿಲ್ಲ.

ಕೋಲನ್ನು ಹಗುರಾಗಿಸಿ ಪ್ರಯಾಣಕ್ಕೆ ಒಗ್ಗಿಸಿದ್ದು ಹೆಚ್ಚಾಗಿ ಅಮೆರಿಕದವರು, ಅದೂ ನಮ್ಮ ಬಿದಿರಿನಿಂದ. 1840ರ ದಶಕದ ಆಸುಪಾಸಿನಲ್ಲಿ ಪೆನ್ಸಿಲ್ವೇನಿಯಾದ ಈಸ್ಟನ್ ಊರಿನ ಸ್ಯಾಮ್ಯುಯೆಲ್ ಫಿಲಿಪ್ಪಿ ಎಂಬ ಬಂದೂಕು ಕೆಲಸಗಾರ ಬಿದಿರನ್ನು ಉದ್ದಕ್ಕೆ ಸೀಳಿ, ಸೀಳುಗಳನ್ನು ಅಂಟಿನಿಂದ ಕೂಡಿಸಿ ಕೋಲು ಮಾಡಿದ. ಮೇನ್ ರಾಜ್ಯದ ಹೈರಮ್ ಲೆನರ್ಡ್ ಆರು ಸೀಳುಗಳ ಕೋಲನ್ನು ಯಂತ್ರದಿಂದ ಮಾಡತೊಡಗಿದ. ಅವರಿಗೆ ಮೊದಲು ಸಿಕ್ಕ ಬಿದಿರಿಗೆ ವ್ಯಾಪಾರದಲ್ಲಿ ಕಲ್ಕತ್ತಾ ಕೇನ್ ಎಂದು ಹೆಸರು, ಅಂದರೆ ಕಲ್ಕತ್ತೆಯ ಬಂದರಿನಿಂದ ಹೋದ ಬಿದಿರು. ಮೈಮೇಲೆ ಸುಟ್ಟ ಕಲೆ ಇರುತ್ತಿದ್ದುದು ಅದರ ಗುರುತು. ಆಮೇಲೆ ಚೀನಾದ ಗ್ವಾಂಗ್‌ಡಾಂಗ್ ಕಡೆಯ, ಟೊಂಕಿನ್ ಎಂದು ಕರೆಸಿಕೊಂಡ ಬಿದಿರು ಅದನ್ನು ಮೂಲೆಗೆ ತಳ್ಳಿತು.

ಬಿದಿರಿನ ಕೋಲು ಮೂರು ತುಂಡು, ನಡುವೆ ಲೋಹದ ಕೂಡುಬಳೆ. ಆದರೆ ಕೊಂಡವನಿಗೆ ಪೆಟ್ಟಿಗೆಯಲ್ಲಿ ಸಿಗುತ್ತಿದ್ದುದು ನಾಲ್ಕು ತುಂಡು: ಬುಡ, ನಡು, ಮತ್ತು ಎರಡು ತುದಿ. ಸದಾ ಮುರಿಯುವುದು ತುದಿಯೇ ಆದ್ದರಿಂದ ತಯಾರಕನೇ ಇನ್ನೊಂದನ್ನು ಸೇರಿಸಿ ಕೊಡುತ್ತಿದ್ದ. ಬಲ್ಲವರು ಒಂದು ತುದಿಯನ್ನು ಬಳಸಿ ಇನ್ನೊಂದಕ್ಕೆ ವಿಶ್ರಾಂತಿ ಕೊಡುತ್ತಿದ್ದರು, ಬಿದಿರು ಒಂದೇ ಕಡೆಗೆ ಬಾಗಿ ನಿಂತುಬಿಡದಿರಲಿ ಎಂದು. ಸ್ಪೇರ್ ಎಂಬುದು ಆಗ ಕೋಲಿನ ಜೊತೆಗೇ, ಅದರ ಬೆಲೆಯೊಳಗೇ ಬರುತ್ತಿತ್ತು. ನನ್ನ ಮಟ್ಟಿಗೆ ಗಾಳದ ಇತಿಹಾಸದಲ್ಲಿ ಇದು ಅತ್ಯಂತ ಮರ್ಯಾದಸ್ಥ ವ್ಯವಹಾರ.

ಬಚ್ಚಿಡುವ ಆಸೆಯೂ ಹೋಗಿರಲಿಲ್ಲ. 1887ರಲ್ಲಿ ಕನೆಕ್ಟಿಕಟ್‌ನ ಬ್ರಿಸ್ಟಲ್ ಊರಿನ ಮೆಕ್ಯಾನಿಕ್ ಎವರೆಟ್ ಹಾರ್ಟನ್ ಒಂದರೊಳಗೊಂದು ಸೇರುವ ಉಕ್ಕಿನ ಕೋಲಿಗೆ ಪೇಟೆಂಟ್ ಪಡೆದ. ಭಾನುವಾರ ಚರ್ಚಿಗೆ ಹೋಗುವ ಜನರ ಕಣ್ಣು ತಪ್ಪಿಸಿ, ಕೋಟಿನೊಳಗೆ ಕೋಲು ಅಡಗಿಸಿಕೊಂಡು ಹೊಳೆಗೆ ಹೋಗಲು ಅದನ್ನು ಮಾಡಿದನೆಂದು ಕತೆ. ಕತೆಯೋ ನಿಜವೋ, ನಾನೂರು ವರ್ಷದ ಹಿಂದಿನ ಊರುಗೋಲಿಗೂ ಇದಕ್ಕೂ ನಡುವೆ ಮರ ಹೋಗಿ ಉಕ್ಕು ಬಂದದ್ದಷ್ಟೇ ವ್ಯತ್ಯಾಸ.

ಕೋಲು ಬೇರೆ ಕಡೆ, ಒಡೆಯ ಬೇರೆ ಕಡೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಹೆಮಿಂಗ್ವೇ ಇದ್ದಾನೆ. 1940ರ ಸುಮಾರಿಗೆ ರೈಲ್ವೆ ಪಾರ್ಸಲ್ಲಿನಲ್ಲಿ ಕಳಿಸಿದ ಅವನ ಗಾಳದ ಸಾಮಾನಿನ ಟ್ರಂಕು ಕಳೆದುಹೋಯಿತು. ಆಮೇಲೆ ಅವನು ಟ್ರೌಟ್ ಹಿಡಿಯುವುದನ್ನೇ ಹೆಚ್ಚುಕಡಿಮೆ ಬಿಟ್ಟ ಎಂದು ಮಗ ಜಾಕ್ ಹೇಳುತ್ತಿದ್ದ.

ಗಾಡಿಯಲ್ಲೇ ಕೋಲು ಬಿಟ್ಟಿರುವ ಅಭ್ಯಾಸ ಬಿದಿರಿನ ಕಾಲದಲ್ಲಿ ಸುಲಭವಿರಲಿಲ್ಲ. ಬಿಸಿಲಿಗೆ ನಿಂತ ಕಾರಿನೊಳಗೆ ವಾರ್ನಿಶ್ ಮೆತ್ತಗಾಗುತ್ತದೆ, ಪ್ರಾಣಿಯ ಚರ್ಮದಿಂದ ಕಾಯಿಸಿದ ಹಳೆಯ ಅಂಟು ಬಿಸಿಗೂ ತೇವಕ್ಕೂ ಬಿಟ್ಟುಕೊಳ್ಳುತ್ತದೆ. ಇದಕ್ಕೆ ದಾರಿ ತೆರೆದದ್ದು ಒಂದು ಮುರಿದ ಕೋಲು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಆರ್ಥರ್ ಹೊವಾಲ್ಡ್ ಎಂಬ ರಸಾಯನತಜ್ಞನ ಬಿದಿರಿನ ಕೋಲಿನ ತುದಿ ಮುರಿಯಿತು. ಯುದ್ಧದಿಂದಾಗಿ ಬೇರೆ ತುದಿ ಸಿಗಲಿಲ್ಲ. ರಾಳದ ಅಂಟಿನ ಕೆಲಸ ಬಲ್ಲವನಾದ್ದರಿಂದ ಗಾಜಿನ ಎಳೆಗಳನ್ನು ರಾಳದಲ್ಲಿ ಕೂಡಿಸಿ ತಾನೇ ಒಂದು ತುದಿ ಮಾಡಿಕೊಂಡ. ಯುದ್ಧ ಮುಗಿದ ಮೇಲೆ ಶೇಕ್ಸ್‌ಪಿಯರ್ ಎಂಬ ಕಂಪನಿ (ನಾಟಕಕಾರನಿಗೂ ಅದಕ್ಕೂ ಸಂಬಂಧವಿಲ್ಲ) ಅದೇ ವಿಧಾನದಿಂದ ಫೈಬರ್‌ಗ್ಲಾಸ್ ಕೋಲು ಮಾರತೊಡಗಿತು. 1950ರಲ್ಲಿ ಅಮೆರಿಕ ಚೀನಾದ ಸರಕಿಗೆ ಬಾಗಿಲು ಹಾಕಿದಾಗ ಟೊಂಕಿನ್ ಬಿದಿರೂ ನಿಂತಿತು. ಬಿಸಿಲು, ತೇವ, ಮಕ್ಕಳ ಕಾಲು ಎಲ್ಲವನ್ನೂ ತಡೆದುಕೊಳ್ಳುವ ಅಗ್ಗದ ಕೋಲು ಬಂತು. ಅದೇ ಹೊತ್ತಿಗೆ ಮನೆಮನೆಗೂ ಕಾರು ಬಂದಿತ್ತು.

1970ರ ದಶಕದಲ್ಲಿ ಬಂದ ಕಾರ್ಬನ್ ಎಳೆಯ ಕೋಲು ಇನ್ನೂ ಹಗುರ, ಇನ್ನೂ ಚುರುಕು. ಆದರೆ ಗೋಡೆ ತೆಳುವಾದ ಕೊಳವೆ ಅದು. ಬಾಗಿಸಿದರೆ ಎಷ್ಟೋ ತಾಳುತ್ತದೆ, ಅಡ್ಡಕ್ಕೆ ಅಮುಕಿದರೆ ಪಟ್ಟನೆ ಒಡೆಯುತ್ತದೆ. ಮೀನಿನಿಂದ ಮುರಿದದ್ದಕ್ಕಿಂತ ಕಾರಿನ ಬಾಗಿಲಿಗೆ ಸಿಕ್ಕಿ ಮುರಿದದ್ದೇ ಹೆಚ್ಚು ಎನ್ನುವುದು ಗಾಳದವರ ಹಳೆಯ ನಗೆಮಾತು. ಹೆಚ್ಚಿನವರು ಪೆಟ್ಟಿಗೆಯಲ್ಲಿ ಎರಡನೇ ತುದಿ ಕೊಡುವುದನ್ನೂ ಬಿಟ್ಟರು. ಬದಲಿಗೆ ಬಂದದ್ದು ವಾರಂಟಿ: ಮುರಿದದ್ದನ್ನು ಅಂಚೆಯಲ್ಲಿ ಕಳಿಸಿ, ವಾರಗಟ್ಟಲೆ ಕಾಯಿರಿ. ಟ್ರೌಟ್ ಕಾಯುವುದಿಲ್ಲವಾದ್ದರಿಂದ ಎರಡನೇ ಕೋಲು ಡಿಕ್ಕಿಗೆ ಬಂತು.

ಆದರೂ ಮುರಿಯುವ ಭಯವೊಂದೇ ಮೊಂಟಾನಾದ ಆ ಕೊಳವೆಯನ್ನು ವಿವರಿಸದು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎರಡು ತೀರ್ಪುಗಳಲ್ಲಿ, ದಡದ ಜಮೀನು ಯಾರದ್ದೇ ಇರಲಿ, ಹರಿಯುವ ನೀರನ್ನು ಬಳಸುವ ಹಕ್ಕು ಜನರದ್ದು ಎಂದಿತು. ಮರುವರ್ಷ ಅದು ಕಾಯಿದೆಯಾಯಿತು: ನೆರೆಯ ಗುರುತಿನ ಕೆಳಗೆ ನಿಂತು ಯಾರು ಬೇಕಾದರೂ ಮೀನು ಹಿಡಿಯಬಹುದು, ಮೀನು ಹಿಡಿಯುವ ಲೈಸೆನ್ಸ್ ಇದ್ದರಾಯಿತು. ಜಮೀನ್ದಾರರು ಸೇತುವೆಯ ಕಂಬಕ್ಕೆ ಬೇಲಿ ಬಿಗಿದು ದಾರಿ ಕಟ್ಟಿದರು. 2009ರಲ್ಲಿ ಇನ್ನೊಂದು ಕಾಯಿದೆ ಬಂದು ಸೇತುವೆಯ ಬಳಿ ಇಳಿಯುವ ಹಕ್ಕನ್ನೂ ಸ್ಪಷ್ಟಪಡಿಸಿತು. ಪಕ್ಕದ ವಯೋಮಿಂಗ್‌ನಲ್ಲಿ ಹಾಗಿಲ್ಲ; ನೀರಿನ ಮೇಲೆ ದೋಣಿಯಲ್ಲಿ ತೇಲಬಹುದು, ಖಾಸಗಿ ಜಮೀನಿನೊಳಗೆ ಹೊಳೆಯ ತಳಕ್ಕೆ ಕಾಲೂರಿದರೆ ಅತಿಕ್ರಮಣ. ಒಂದೇ ಗಾಡಿ, ಒಂದೇ ಕೋಲು, ಗಡಿ ದಾಟಿದ ಮೇಲೆ ಅರ್ಥ ಬೇರೆ.

ನಮ್ಮ ಕಡೆಗೆ ಈ ಕೋಲು ಬಂದದ್ದು ದೊರೆಗಳ ಸಾಮಾನಿನ ಜೊತೆಗೆ. ಭಾರತದ ಗಾಳದ ಬಗ್ಗೆ ದೊಡ್ಡ ಹೆಸರು ಮಾಡಿದ ‘ದ ರಾಡ್ ಇನ್ ಇಂಡಿಯಾ’ ಅಚ್ಚಾದದ್ದು ಲಂಡನ್ನಿನಲ್ಲಲ್ಲ, 1873ರಲ್ಲಿ ಮಂಗಳೂರಿನಲ್ಲಿ. ಬರೆದ ಎಚ್. ಎಸ್. ಥಾಮಸ್ ಮದ್ರಾಸ್ ಸರ್ಕಾರದ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿದ್ದವನು, ಅಲ್ಲಿನ ಹೊಳೆಗಳ ಮೀನು ಸಾಕಣೆಯ ಬಗ್ಗೆ ವರದಿಯನ್ನೂ ಬರೆದವನು. ಸಣ್ಣ ಕಣ್ಣಿನ ಬಲೆ, ಮಡುವಿಗೆ ವಿಷ ಹಾಕುವುದು ಅವನನ್ನು ಕಾಡಿದ್ದವು. ಸಿಡಿಮದ್ದು ಮತ್ತು ವಿಷವನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯಿದೆ 1897ರಲ್ಲಿ ಬಂತು. ಕಾಳಜಿ ಸುಳ್ಳಲ್ಲ. ಆದರೆ ಕೋಲು ಹಿಡಿದವನದ್ದು ಆಟ, ಬಲೆ ಹಿಡಿದವನದ್ದು ಲೂಟಿ ಎಂಬ ಧಾಟಿ, 1496ರ ಮುದ್ರಕನ ಮಾತನ್ನು ಓದಿದವರಿಗೆ ಹೊಸದಾಗಿ ಕೇಳಿಸದು.

ಟ್ರೌಟ್ ನಮ್ಮದಲ್ಲ. 1900ರಲ್ಲಿ ಕಾಶ್ಮೀರಕ್ಕೆ, ಮುಂದಿನ ದಶಕದಲ್ಲಿ ಕುಲುವಿಗೂ ನೀಲಗಿರಿಗೂ ಬಂದು ನೆಲೆಯಾದದ್ದು. ಈಗ ದಿಲ್ಲಿ, ಚಂಡೀಗಡದಿಂದ ತೀರ್ಥನ್ ಕಣಿವೆಗೆ ಕೋಲು ಹಾಕಿಕೊಂಡು ಕಾರಿನಲ್ಲಿ ಹೋಗುವವರಿದ್ದಾರೆ. ಅವರ ಡಿಕ್ಕಿಯಲ್ಲಿರುವ ಸ್ಟೆಪ್ನಿ ಕೋಲು ಮುರಿತಕ್ಕೆ ಮಾತ್ರ, ದಾರಿಯಲ್ಲಿ ಕಂಡ ಹೊಳೆಗಲ್ಲ. ಮೊದಲು ಹಿಮಾಚಲದ ಮೀನುಗಾರಿಕೆ ಇಲಾಖೆಯ ಪರವಾನಗಿ ಆಗಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಮೀನು ಮೊಟ್ಟೆಯಿಡುವ ಕಾಲವೆಂದು ಅದೂ ಇಲ್ಲ. ನಮ್ಮ ತುಂಗೆಯ ದಡದ ಶೃಂಗೇರಿಯಲ್ಲೋ, ಶಿಶಿಲದಲ್ಲೋ ಅಂಗೈಯಿಂದ ಮಂಡಕ್ಕಿ ತಿನ್ನುವ ದೇವರ ಮೀನುಗಳಿಗಂತೂ ಯಾವ ಋತುವಿನಲ್ಲೂ ಗಾಳವಿಲ್ಲ. ಅಲ್ಲಿಗೆ ಹೋಗುವವರು ಕೊಳವೆಯನ್ನು ಕಾರಿನಲ್ಲೇ ಬಿಟ್ಟು ಮೆಟ್ಟಿಲಿಳಿಯುತ್ತಾರೆ.