ಹೊಲ ಕಾಯೋ ಬಂದೂಕಿಂದ ಹತ್ತು ಮೀಟರ್ ಗುರಿಯವರೆಗೆ

ನಮ್ಮ ಗುಂಪಿನ ಗೆಳತಿಯೊಬ್ಬಳು ಕಲಘಟಗಿ ತಾಲ್ಲೂಕಿನವಳು. ಅವಳ ಅಪ್ಪನ ಹತ್ತಿರ ಒಂದು ಬಂದೂಕು ಇತ್ತು. ಒಂಟಿ ನಳಿಗೆಯದು, ಬಾಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವಂಥದ್ದು. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಹಂದಿ ಬಂದರೆ ಆಕಾಶಕ್ಕೊಂದು ಢಂ ಅನ್ನಿಸಲು ಅಷ್ಟೇ ಅದರ ಉಪಯೋಗ. ವರ್ಷಕ್ಕೊಮ್ಮೆ ಖಂಡೇ ಪೂಜೆಯ ದಿನ ಕುಡಗೋಲು, ಕೊಡ್ಲಿ, ಕುಂಟಿಯ ಜೊತೆ ಅದಕ್ಕೂ ವಿಭೂತಿ, ಹೂವು ಏರುತ್ತಿದ್ದವು.

ಅಪ್ಪ ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಠಾಣೆಯಿಂದ ಮಾತು ಬಂತು: ಲೈಸೆನ್ಸ್ ಇದ್ದವರು ಹೋದ ಮೇಲೆ ಬಂದೂಕು ಮನೆಯಲ್ಲಿರುವಂತಿಲ್ಲ, ತಂದು ಜಮಾ ಮಾಡಿ ರಸೀದಿ ತಗೊಳ್ರಿ. ಇದು ನಿಯಮವೇ. ಬೇಕಿದ್ದರೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ‘ಮಾರಿಬಿಡ್ರಿ’ ಅಂದವರೇ ಹೆಚ್ಚು. ಅವ್ವ ಮಾತ್ರ, ‘ನಿಮ್ಮಪ್ಪನ ವಸ್ತು ಐತಿ, ಮಾರಬ್ಯಾಡವಾ. ಆದ್ರ ಹೊಡಿಯಾಕ ಬರಲಾರದ್ದು ಮನ್ಯಾಗ ಇಟ್ಕೊಂಡು ಏನ್ ಮಾಡ್ತಿ?’ ಅಂದಳು.

ನಮ್ಮ ಗೆಳತಿ ಅರ್ಜಿ ಹಾಕಿದಳು. ಪೊಲೀಸ್ ವಿಚಾರಣೆ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಅಕ್ಕತಂಗಿಯರ ಒಪ್ಪಿಗೆ ಪತ್ರ ಎಲ್ಲ ಆಗಿ ತಿಂಗಳುಗಳ ಮೇಲೆ ಲೈಸೆನ್ಸ್ ಅವಳ ಹೆಸರಿಗೆ ಬಂತು. ಆಮೇಲೆ ಅವಳು ನಮ್ಮನ್ನು ಕೇಳಿದ್ದು ಅವ್ವ ಕೇಳಿದ ಪ್ರಶ್ನೆಯನ್ನೇ. ಬಂದೂಕು ಬಂತು, ಹೊಡೆಯುವುದನ್ನು ಎಲ್ಲಿ ಕಲಿಯೋದು? ಆಟವಾಗಿ, ಗುರಿಗೆ ಹೊಡೆಯುವುದು ನಮ್ಮಂಥವರಿಗೆ ಸಾಧ್ಯವೋ?

ಉತ್ತರ ಹುಡುಕಲು ಹೋದ ನಾವು 1857ಕ್ಕೆ ಹೋಗಿ ನಿಂತೆವು.

ಹತ್ತನೇ ತರಗತಿಯಲ್ಲಿ ಹಲಗಲಿ ಬೇಡರ ಲಾವಣಿ ಓದಿದವರಿಗೆ ಕತೆ ಗೊತ್ತು. ಆ ವರ್ಷ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಯಾರ ಹತ್ತಿರ ಯಾವ ಆಯುಧವಿದೆಯೋ ತಂದು ತೋರಿಸಬೇಕು, ಬರೆಸಬೇಕು, ಅಪ್ಪಣೆ ಸಿಕ್ಕರೆ ಮಾತ್ರ ಇಟ್ಟುಕೊಳ್ಳಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ, ಕಾವಲು, ದಂಡಿನ ಚಾಕರಿ ಅವರ ಬದುಕು. ಆಯುಧ ಕೊಟ್ಟರೆ ಅನ್ನವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಹನುಮ, ಬಾಲ, ಜಡಗ, ರಾಮ ಮುಂದೆ ನಿಂತರು. ನವೆಂಬರ್ ಕೊನೆಗೆ ಇಂಗ್ಲಿಷರ ದಂಡು ಊರಿಗೆ ಬಂತು, ಮನೆಗಳಿಗೆ ಬೆಂಕಿ ಬಿತ್ತು, ಬಹಳ ಜನ ಸತ್ತರು. ಸಿಕ್ಕವರಲ್ಲಿ 19 ಜನರನ್ನು ಡಿಸೆಂಬರ್‌ನಲ್ಲಿ ಗಲ್ಲಿಗೆ ಹಾಕಿದರು. 13 ಜನರನ್ನು ಮುಧೋಳದಲ್ಲಿ, ಉಳಿದ 6 ಜನರನ್ನು ಹಲಗಲಿಯಲ್ಲೇ.

ಮುಂದಿನ ಬೇಸಿಗೆಯಲ್ಲಿ ಬೆಂಕಿ ನಮ್ಮ ಕಡೆಗೇ ಬಂತು. ಮುಂಡರಗಿ ಭೀಮರಾಯ ಹಮ್ಮಿಗೆಯಲ್ಲಿ ಕೂಡಿಸಿಟ್ಟ ಆಯುಧಗಳು ಸರ್ಕಾರದ ಕಣ್ಣಿಗೆ ಬಿದ್ದವು. ಅವನು ಡಂಬಳದ ಖಜಾನೆ ಹೊಡೆದು ಕೊಪ್ಪಳದ ಕೋಟೆ ಸೇರಿ ಅಲ್ಲೇ ಕಾದಾಡಿ ಸತ್ತ. ನರಗುಂದದ ಬಾಬಾಸಾಹೇಬನಿಗೆ ದತ್ತು ತಗೊಳ್ಳಲು ಅಪ್ಪಣೆ ಇಲ್ಲವೆಂದದ್ದಲ್ಲದೆ, ಕೋಟೆಯ ತೋಪುಗಳನ್ನೂ ಒಪ್ಪಿಸು ಅಂದಿದ್ದರು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಯಿತು. ಅವನ ತಲೆ ನರಗುಂದದ ಅಗಸಿಗೆ ತೂಗಿತು. ಎರಡು ವಾರ ಕಳೆಯುವುದರೊಳಗೆ, ಜೂನ್ 12ಕ್ಕೆ, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ನವಲಗುಂದದಿಂದ ನರಗುಂದಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ ಅಂತ ನಿಮಗೇ ಗೊತ್ತು.

ಇಷ್ಟೆಲ್ಲ ಆಗಿ ಎರಡು ವರ್ಷಕ್ಕೆ, 1860ರ ಜುಲೈ 2ರಂದು, ಲಂಡನ್ ಹತ್ತಿರದ ವಿಂಬಲ್ಡನ್ ಬಯಲಿನಲ್ಲಿ ಗುರಿಗೆ ಗುಂಡು ಹೊಡೆಯುವ ದೊಡ್ಡ ಸ್ಪರ್ಧೆ ಶುರುವಾಯಿತು. ಹಿಂದಿನ ವರ್ಷವಷ್ಟೇ ಅಲ್ಲಿ ರೈಫಲ್ ಸಂಘ ಕಟ್ಟಿದ್ದರು, ಜನಸಾಮಾನ್ಯರು ಗುರಿ ಕಲಿಯಲಿ ಅಂತ. ಮೊದಲ ಗುಂಡು ವಿಕ್ಟೋರಿಯಾ ರಾಣಿಯದೇ. ಬಂದೂಕನ್ನು ಕಟ್ಟೆಗೆ ಬಿಗಿದು, ಗುರಿ ಮೊದಲೇ ಹೊಂದಿಸಿ ಇಟ್ಟಿದ್ದರು. ರಾಣಿ ರೇಷ್ಮೆ ದಾರ ಎಳೆದಳು, ಗುಂಡು ಹೋಗಿ ಗುರಿಯ ನಡುವೆ ಬಿತ್ತು. ಅದೇ ರಾಣಿಯ ಹೆಸರಿನ ಸರ್ಕಾರ ಇಲ್ಲಿ ಮನೆಮನೆಯ ಬಂದೂಕು ಎಣಿಸುತ್ತಿತ್ತು. ಗುರಿ ಹೊಡೆಯುವುದು ಅವರಿಗೆ ಆಟವಾಗಿ, ನಮಗೆ ಅಪರಾಧವಾಗಿ ಬೆಳೆದದ್ದು ಹೀಗೆ. ನಮ್ಮ ಭಾಗದಲ್ಲಿ ಕುಸ್ತಿಗೆ ಗರಡಿಮನೆಗಳಿವೆ, ಬಂದೂಕಿಗೆ ಮಾತ್ರ ಯಾಕೆ ಏನೂ ಇಲ್ಲ ಅನ್ನುವುದಕ್ಕೆ ಕಾರಣ ಇಲ್ಲೇ ಇದೆ ಅಂತ ನಮಗನ್ನಿಸುತ್ತದೆ.

ಆದರೆ ಕರ್ನಾಟಕದ ಎಲ್ಲ ಕಡೆ ಹೀಗಾಗಲಿಲ್ಲ. ಕೊಡಗಿನವರು ತಮಗೆ ನಿಷ್ಠರಾಗಿದ್ದರು ಅಂತ 1861ರಲ್ಲಿ ಇಂಗ್ಲಿಷರು ಕೊಡವರಿಗೆ ಈ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಜಮ್ಮಾ ಭೂಮಿಯವರಿಗೂ ಸೇರಿ ಆ ವಿನಾಯಿತಿ ಇವತ್ತಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದರೆ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ ಇಡುತ್ತಾರೆ. ಹೆಣ್ಣುಮಕ್ಕಳೂ ಹೊಡೆಯುತ್ತಾರೆ. ನಮಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ (ಇರಲಿ, ಸ್ವಲ್ಪ ಇದೆ). ಒಂದೇ ಕಾಯ್ದೆ ಒಂದು ಊರಿಗೆ ಗಲ್ಲುಗಂಬವಾಯಿತು, ಇನ್ನೊಂದಕ್ಕೆ ಹಬ್ಬ ಉಳಿಸಿತು.

1878ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೆ ಭಾರತೀಯರು ಲೈಸೆನ್ಸ್ ಇಲ್ಲದೆ ಬಂದೂಕು ಇಡುವಂತಿರಲಿಲ್ಲ, ಯುರೋಪಿಯನ್ನರಿಗೆ ಆ ಕಾಟವಿರಲಿಲ್ಲ. 1930ರ ಜನವರಿಯಲ್ಲಿ ಗಾಂಧೀಜಿ ವೈಸರಾಯ್ ಇರ್ವಿನ್ ಮುಂದಿಟ್ಟ 11 ಬೇಡಿಕೆಗಳಲ್ಲಿ ಉಪ್ಪಿನ ಕರದ ಮಾತು ಎಲ್ಲರಿಗೂ ನೆನಪಿದೆ. ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡಬೇಕು ಅನ್ನುವುದೂ ಅದೇ ಪಟ್ಟಿಯಲ್ಲಿತ್ತು. ಅಹಿಂಸೆಯ ಗಾಂಧಿಯೇ ಕೇಳಿದ್ದು ಅದನ್ನ.

ಸ್ವಾತಂತ್ರ್ಯದ ನಂತರ ಬಂದದ್ದು 1959ರ ಕಾಯ್ದೆ, ಈಗಲೂ ನಡೆಯುತ್ತಿರುವುದು ಅದೇ. ನಮ್ಮ ಗೆಳತಿಯ ಪ್ರಶ್ನೆಗೆ ಉತ್ತರ ಅದರ 13ನೇ ಕಲಮಿನಲ್ಲಿದೆ. ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಬಂದೂಕು ಒಂದು ಬಾಬ್ತು. ಸರ್ಕಾರ ಒಪ್ಪಿದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಇಟ್ಟುಕೊಳ್ಳುವ ಪಾಯಿಂಟ್ 22 ರೈಫಲ್ ಅಥವಾ ಏರ್ ರೈಫಲ್ ಬೇರೆಯೇ ಬಾಬ್ತು. ಅಂದರೆ ಅಪ್ಪನ ಬಂದೂಕಿನ ಲೈಸೆನ್ಸ್ ಹೊಲಕ್ಕೆ, ಆಟಕ್ಕಲ್ಲ. ಅದನ್ನು ಹೊತ್ತುಕೊಂಡು ಹೋಗಿ ಕೆರೆದಂಡೆಯಲ್ಲಿ ಡಬ್ಬಿ ಇಟ್ಟು ಹೊಡೆದರೆ ಲೈಸೆನ್ಸಿಗೇ ಕುತ್ತು.

ಇದನ್ನು ಕೇಳಿ ಅವಳ ಮುಖ ಸಪ್ಪಗಾಯಿತು. ಹಾಗಾಗಿ ನಾಲ್ವರು ಹುಬ್ಬಳ್ಳಿಗೆ ಹೋದೆವು. ಅಲ್ಲಿ ಹುಬ್ಬಳ್ಳಿ ಸ್ಪೋರ್ಟ್ಸ್ ಶೂಟಿಂಗ್ ಅಕಾಡೆಮಿ ಇದೆ, ಗಾಲಿಕುರ್ಚಿಯಲ್ಲಿ ಕೂತು ಹೊಡೆಯುವವರೂ ಅಲ್ಲಿ ತಯಾರಾಗಿದ್ದಾರೆ. ನಮ್ಮಲ್ಲಿ ಇಬ್ಬರು ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರು. ಕ್ಯಾಂಪಿನಲ್ಲಿ ಮಣ್ಣಿನ ಮೇಲೆ ಮಲಗಿ ಐದು ಗುಂಡು ಹೊಡೆದ ನೆನಪಿನ ಮೇಲೆ ನಾವೇ ಗೆಳತಿಗೆ ಗುರುಗಳಾಗಿದ್ದೆವು. ಒಂದು ತಾಸಿನಲ್ಲಿ ಆ ಗುರುತನ ಇಳಿಯಿತು.

ಗುರಿ 10 ಮೀಟರ್ ದೂರ. ಕೇಳಲು ಸಣ್ಣದು, ನಮ್ಮ ಪಡಸಾಲೆ ಹಿತ್ತಲು ಕೂಡಿದರೆ ಅಷ್ಟಾಗುತ್ತದೆ. ಆದರೆ ಏರ್ ರೈಫಲ್ ಗುರಿಯ ನಟ್ಟನಡುವಿನ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್ ಮಾತ್ರ, ಸಾಸಿವೆ ಕಾಳಿಗಿಂತ ಸಣ್ಣದು. ಪೆಲೆಟ್ಟೇ 4.5 ಮಿಲಿಮೀಟರ್ ದಪ್ಪ. ದೊಡ್ಡ ಸ್ಪರ್ಧೆಗಳಲ್ಲಿ 75 ನಿಮಿಷದೊಳಗೆ 60 ಸಲ ಹೊಡೆಯಬೇಕು. ಒಂದೊಂದಕ್ಕೂ ಹೆಚ್ಚೆಂದರೆ 10.9 ಅಂಕ, ಒಟ್ಟು 654. ತೋಳಿನ ಬಲ ಇಲ್ಲಿ ಅಷ್ಟೊಂದು ನಡೆಯುವುದಿಲ್ಲ. ಕಾಲು ಎಲ್ಲಿ ಊರಿದೆ, ಉಸಿರು ಎಲ್ಲಿ ನಿಂತಿದೆ, ಬೆರಳು ಎಷ್ಟು ಮೆಲ್ಲಗೆ ಒತ್ತಿದೆ ಅನ್ನುವುದೇ ಎಲ್ಲ. ಗುಂಡೇ ಇಲ್ಲದೆ, ಬರೀ ಹಿಡಿದು ನಿಂತು ಕುದುರೆ ಒತ್ತುವ ಅಭ್ಯಾಸವನ್ನೇ ವಾರಗಟ್ಟಲೆ ಮಾಡಿಸುತ್ತಾರೆ. ನಮ್ಮಲ್ಲಿ ಒಬ್ಬನಿಗೆ ಹತ್ತು ನಿಮಿಷಕ್ಕೇ ಬೇಜಾರಾಯಿತು. ಗೆಳತಿಗೆ ಆಗಲಿಲ್ಲ.

ಮೊದಲ ದಿನ ಕಲಿಸಿದ್ದು ಹೊಡೆಯುವುದನ್ನಲ್ಲ, ಹಿಡಿಯುವುದನ್ನ. ಖಾಲಿ ಅಂತ ಗೊತ್ತಿದ್ದರೂ ತುಂಬಿದೆ ಅಂತಲೇ ತಿಳಿಯಬೇಕು. ನಳಿಗೆಯ ಬಾಯಿ ಯಾವಾಗಲೂ ಗುರಿಯ ಕಡೆ, ಮನುಷ್ಯರ ಕಡೆ ತಪ್ಪಿಯೂ ತಿರುಗಬಾರದು. ಹೊಡೆಯುವ ಗಳಿಗೆಯವರೆಗೆ ಬೆರಳು ಕುದುರೆಯ ಹೊರಗೆ. ಮನೆಯಲ್ಲಿ ಬಂದೂಕು ಒಂದು ಬೀಗದಲ್ಲಿ, ಮದ್ದುಗುಂಡು ಇನ್ನೊಂದು ಬೀಗದಲ್ಲಿ. ಇದನ್ನು ಕೇಳುವಾಗ ಗೆಳತಿ ಸುಮ್ಮನಾದಳು. ಅಪ್ಪನ ಬಂದೂಕು ನಡುಮನೆಯ ಗೂಟಕ್ಕೆ, ಮಕ್ಕಳ ಕೈಗೆ ಎಟಕುವಷ್ಟು ಎತ್ತರದಲ್ಲಿ, ಮೂವತ್ತು ವರ್ಷ ತೂಗುತ್ತಿತ್ತು.

ಏರ್ ರೈಫಲ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಊರಲ್ಲಿ ಇದೆ. 2016ರ ನಿಯಮದಂತೆ 4.5 ಮಿಲಿಮೀಟರಿಗಿಂತ ದಪ್ಪವಿಲ್ಲದ, 20 ಜೂಲ್ ಶಕ್ತಿ ಮೀರದ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಡ, ಅದು ನಿಜ. ಅದಕ್ಕೇ ಆಟ ಶುರು ಮಾಡುವವರಿಗೆ ಇದೇ ಸಲೀಸು ದಾರಿ, ಮೊದಮೊದಲು ಕೊಳ್ಳುವುದೂ ಬೇಡ, ರೇಂಜಿನಲ್ಲಿರುವುದರಲ್ಲೇ ಕಲಿಯಬಹುದು. ಆದರೆ ಲೈಸೆನ್ಸ್ ಬೇಡ ಅಂದರೆ ಏನು ಬೇಕಾದರೂ ಹೊಡೆಯಬಹುದು ಅಂತಲ್ಲ. ನವಿಲು, ಚಿಗರಿ ಎರಡೂ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಗಾಳಿ ಬಂದೂಕಿನಿಂದ ಹೊಡೆದರೂ ಕಡಿಮೆ ಅಂದರೆ ಮೂರು ವರ್ಷ ಜೈಲು. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಬೇಜವಾಬ್ದಾರಿಯಿಂದ ಗುಂಡು ಹಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ.

ಹೊಲದಲ್ಲೇ ರೇಂಜ್ ಮಾಡಿಕೊಂಡರೆ ಏನು ಅಂತ ನವಲಗುಂದದ ನಮ್ಮ ಗೆಳೆಯ ಕೇಳಿದ. ಪಾಯಿಂಟ್ 22 ಗುಂಡು ಕೂಡ ಒಂದು ಕಿಲೋಮೀಟರಿಗಿಂತ ಹೆಚ್ಚು ಹೋಗುತ್ತದೆ. ಎರೆ ಹೊಲದಲ್ಲಿ ಅದನ್ನು ತಡೆಯಲು ಒಂದು ದಿಬ್ಬವೂ ಇಲ್ಲ, ಆಚೆ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳಿರುತ್ತಾರೆ. ಅನುಮತಿ ಪಡೆದ ರೇಂಜಿನ ಹಿಂದೆ ಎತ್ತರದ ಮಣ್ಣಿನ ಗೋಡೆ ಯಾಕಿರುತ್ತದೆ ಅಂತ ಅವನಿಗೆ ಆಗ ತಿಳಿಯಿತು.

ಆ ಗೆಳೆಯನ ಮನೆಯಲ್ಲಿ ಈ ವಿಷಯ ಎತ್ತಿದಾಗ ಅವನ ಅಜ್ಜ ಎದ್ದು ಹೊರಗೆ ಹೋದರು. ಕಾರಣ ಬೇರೆ. 1980ರ ಜುಲೈ 21. ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ರೈತರು ನವಲಗುಂದದಲ್ಲಿ, ನರಗುಂದದಲ್ಲಿ ಎದ್ದ ದಿನ. ಪೊಲೀಸರ ಗುಂಡಿಗೆ ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಸತ್ತರು. ನರಗುಂದದಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ಸದ್ದು ಕೇಳಿದವರು ಇನ್ನೂ ಇದ್ದಾರೆ. ಅವರಿಗೆ ಬಂದೂಕು ಆಟದ ಸಾಮಾನು ಅಂತ ಹೇಳುವ ಧೈರ್ಯ ನಮಗೆ ಬರಲಿಲ್ಲ, ಹೇಳಲೂ ಇಲ್ಲ.

ಇನ್ನು ಕಲಿತವರು ಎಲ್ಲಿಯವರೆಗೆ ಹೋಗಬಹುದು ಅಂತ ಕೇಳುವವರಿಗೆ: ಭಾರತದ ರೈಫಲ್ ಸಂಘ ಹುಟ್ಟಿದ್ದು 1951ರಲ್ಲಿ, ಮೊದಲ ಲೋಕಸಭೆಯ ಸ್ಪೀಕರ್ ಮಾವಳಂಕರ್ ಮುಂದಾಳತ್ವದಲ್ಲಿ. ಅವರ ಹೆಸರಿನ ಸ್ಪರ್ಧೆ ಈಗಲೂ ರಾಷ್ಟ್ರಮಟ್ಟಕ್ಕೆ ಹತ್ತುವ ಒಂದು ಮೆಟ್ಟಿಲು. ಬೆಂಗಳೂರಿನ ಪ್ರಕಾಶ್ ನಂಜಪ್ಪ ಪಿಸ್ತೂಲಿನಲ್ಲಿ 2016ರ ರಿಯೋ ಒಲಿಂಪಿಕ್ಸ್‌ವರೆಗೆ ಹೋದರು. ನಮಗೆ ಇನ್ನೂ ಹತ್ತಿರ ಅನ್ನಿಸಿದವರು ಸ್ವಪ್ನಿಲ್ ಕುಸಾಳೆ. ನಮ್ಮ ಬೆಳಗಾವಿ ಗಡಿಯ ಆಚೆ, ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಅನ್ನುವ ಹಳ್ಳಿಯವರು, ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್ ಕಂಚು ತಂದರು. ಖರ್ಚಿನ ಆಟ ಇದು, ಸ್ಪರ್ಧೆಯ ರೈಫಲ್ಲಿಗೆ ಲಕ್ಷಗಳ ಮಾತು. ಕಲಘಟಗಿಯಿಂದ ಹುಬ್ಬಳ್ಳಿಗೆ ವಾರಕ್ಕೆರಡು ಸಲ ಬಸ್ಸಿಗೆ ಹೋಗಿಬರುವ ನಮ್ಮ ಗೆಳತಿಗೆ ಅದೆಲ್ಲ ಗೊತ್ತಿದೆ.

ಅವಳ ಮೊದಲ ಗುರಿ ಹಾಳೆ ನಮ್ಮ ಹತ್ತಿರ ಇದೆ. ಹತ್ತು ಹೊಡೆತದಲ್ಲಿ ಮೂರು ಹಾಳೆಯ ಹೊರಗೆ, ಒಂದು ಏಳರ ಗೆರೆಗೆ ತಾಗಿದೆ. ಅವ್ವ ಅದನ್ನು ಬೆಳಕಿಗೆ ಹಿಡಿದು ತೂತು ಎಣಿಸಿ, ‘ಉಳಿದ ಮೂರು ಎಲ್ಲಿ ಹೋದವು?’ ಅಂತ ಕೇಳಿದಳು. ಈ ಸಲದ ಖಂಡೇ ಪೂಜೆಗೆ ಅಪ್ಪನ ಬಂದೂಕು ಬೀಗದ ಪೆಟ್ಟಿಗೆಯಿಂದ ಹೊರಬಂತು. ಗೆಳತಿ ನಳಿಗೆ ಖಾಲಿ ಇದೆಯೋ ಅಂತ ಎರಡು ಸಲ ನೋಡಿ, ಬಾಯಿಯನ್ನು ಗೋಡೆಯ ಕಡೆ ಮಾಡಿ ಇಟ್ಟಳು. ಆಮೇಲೆ ಅವ್ವ ವಿಭೂತಿ ಹಚ್ಚಿದಳು.