ನಿಶ್ಚಲ ಸ್ನಾಯುವಿಗೆ ವಿದ್ಯುತ್ ಚೋದನೆ: ಒಂದು ಸಮೀಕ್ಷೆ

ಮಲಗಿದಲ್ಲಿಯೇ ವ್ಯಾಯಾಮ ಮಾಡಿಸುವ ಅದ್ಭುತ ಯಂತ್ರವೆಂದು ಸ್ಟಿಮ್ಯುಲೇಟರನ್ನು ಹೊಗಳುವವರೂ, ಪರದೇಶದ ಪರೀಕ್ಷೆಯೊಂದರಲ್ಲಿ ಅದು ಸೋತಿತೆಂದು ಕೇಳಿದೊಡನೆ ಕಪಾಟಿಗೆ ಸೇರಿಸಹೊರಟವರೂ ಇಂದು ಧಾರಾಳವಾಗಿದ್ದಾರೆ. ಈ ಎರಡೂ ಪಂಗಡದವರು ರೋಗಿಯ ತೊಡೆಯ ಮೇಲೆ ಕೈಯಿಟ್ಟು ನೋಡಿದವರಲ್ಲವೆಂಬುದು ನನ್ನ ಅನುಮಾನ.

ಪೂರ್ವೇತಿಹಾಸವನ್ನು ಬೇಗ ಮುಗಿಸಬಹುದು. 1791ರಲ್ಲಿ ಗ್ಯಾಲ್ವಾನಿ ಕಪ್ಪೆಯ ಕಾಲಿನ ಪ್ರಯೋಗಗಳನ್ನು ಪ್ರಕಟಿಸಿದನು; 1855ರಲ್ಲಿ ಫ್ರಾನ್ಸಿನ ಡುಶೆನ್, ಒಂದೊಂದೇ ಸ್ನಾಯುವನ್ನು ಚರ್ಮದ ಮೇಲಿನಿಂದ ಸಂಕೋಚಗೊಳಿಸುವ ವಿಧಾನವನ್ನು ಗ್ರಂಥಸ್ಥಗೊಳಿಸಿದನು. ನಮ್ಮಲ್ಲಿ ಫ್ಯಾರಡಿಕ್ ಮತ್ತು ಗ್ಯಾಲ್ವನಿಕ್ ಪ್ರವಾಹಗಳ ಪೆಟ್ಟಿಗೆಯು ಸೊಟ್ಟಗಾದ ಮುಖಕ್ಕೂ ಜೋತುಬಿದ್ದ ಪಾದಕ್ಕೂ ಮೀಸಲಾಗಿ ಹೊರರೋಗಿ ವಿಭಾಗದಲ್ಲಿಯೇ ಉಳಿಯಿತು. ಧಾರವಾಡ ಸೀಮೆಯ ಜನ ಅದನ್ನು ‘ಕರೆಂಟ್ ಹಚ್ಚೂದು’ ಎಂದರು.

ನಾವು ವೃತ್ತಿಗಿಳಿದಾಗ ಐಸಿಯುವಿನಲ್ಲಿ ಫಿಜಿಯೋಥೆರಪಿಸ್ಟನ ಪಾಲಿಗಿದ್ದುದು ಎದೆ ತಟ್ಟಿ ಕಫ ಸಡಿಲಿಸುವ, ಕೀಲು ಬಿಗಿಯದಂತೆ ಕೈಕಾಲಾಡಿಸುವ ಕೆಲಸ ಮಾತ್ರ. ಘೋರರೋಗದಲ್ಲಿ ನರಗಳೂ ಹಾನಿಗೊಳ್ಳುವುವೆಂದು ಕೆನಡಾದ ಬೋಲ್ಟನ್ ಮತ್ತು ಸಂಗಡಿಗರು 1984ರಲ್ಲಿಯೇ ತೋರಿಸಿದ್ದರೂ, ಪ್ರಾಣವುಳಿದರೆ ಸಾಕೆಂಬ ಕಾಲದಲ್ಲಿ ಸ್ನಾಯುವನ್ನು ಕೇಳುವವರಿರಲಿಲ್ಲ. 2009ರಲ್ಲಿ ಅಥೆನ್ಸಿನ ಗೆರೋವಸಿಲಿಯವರ ತಂಡವು, ಚೋದನೆ ಪಡೆದವರ ತೊಡೆಯ ಸ್ನಾಯು ಪಡೆಯದವರದಕ್ಕಿಂತ ಕಡಿಮೆ ಕ್ಷಯಿಸಿತೆಂದು ಅಲ್ಟ್ರಾಸೌಂಡಿನಿಂದ ಅಳೆದು ತೋರಿಸಿತು. ಮರುವರ್ಷ ರೂತ್ಸಿಯವರ ಅಧ್ಯಯನವು ದೌರ್ಬಲ್ಯಕ್ಕೆ ಗುರಿಯಾಗುವವರೂ ಕಡಿಮೆಯಾದರೆಂದಿತು. ನಮ್ಮ ತಲೆಮಾರಿಗೆ ಐಸಿಯುವಿನ ಬಾಗಿಲು ತೆರೆದದ್ದು ಆಗಲೇ. 2013ರಲ್ಲಿ ಪುತುಚೆರಿಯವರು, ಹತ್ತೇ ದಿನಗಳಲ್ಲಿ ತೊಡೆಯ ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣ ಶೇ. 17.7ರಷ್ಟು ಕುಗ್ಗುವುದೆಂದು ಅಳೆದ ಮೇಲಂತೂ ತಡಮಾಡುವುದಕ್ಕೆ ನೆಪವೇ ಉಳಿಯಲಿಲ್ಲ.

ಅನಂತರ ಬಂದದ್ದು 2018ರ ಓರ್ಲಿಯಾನ್ಸಿನ ಪರೀಕ್ಷೆ. 314 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಹಾಸಿಗೆಯಲ್ಲಿಯೇ ಸೈಕಲ್ ತುಳಿಸಿ ಚೋದನೆಯನ್ನೂ ಕೊಟ್ಟರೂ ಬಲವೇನೂ ಹೆಚ್ಚಲಿಲ್ಲವೆಂಬ ಅದರ ತೀರ್ಪನ್ನು ಎಲ್ಲರೂ ಉದ್ಧರಿಸುತ್ತಾರೆ. ಉಳಿದರ್ಧ ಜನರಿಗೂ ಮೊದಲಿನಿಂದಲೇ ಕ್ರಮಬದ್ಧ ಪುನಶ್ಚೇತನ ದೊರೆಯುತ್ತಿತ್ತೆಂಬುದನ್ನು ಉದ್ಧರಿಸುವವರು ವಿರಳ. ಹಲವು ಹಾಸಿಗೆಗಳಿಗೆ ಒಬ್ಬನೇ ಫಿಜಿಯೋಥೆರಪಿಸ್ಟ್ ಓಡಾಡುವ ವಾರ್ಡಿಗೆ ಆ ತೀರ್ಪು ಹೇಗೆ ಅನ್ವಯಿಸೀತು?

ಮೇಲಾಗಿ, ಪ್ಯಾಡು ಅಂಟಿಸಿ ಗುಂಡಿ ತಿರುಗಿಸಿದ ಮಾತ್ರಕ್ಕೆ ಚೋದನೆಯಾಯಿತೆನ್ನಲಾಗದು. ಬೆರಳೊತ್ತಿದರೆ ಕುಳಿ ಉಳಿಯುವಷ್ಟು ಬಾತ ತೊಡೆಯಲ್ಲಿ, ಸೆಪ್ಸಿಸ್ಸಿನಿಂದ ರಕ್ತದೊತ್ತಡ ಕುಸಿದವನಲ್ಲಿ, ಮಿಲಿಆಂಪಿಯರನ್ನು ಎಷ್ಟೇರಿಸಿದರೂ ಮೊಣಕಾಲ ಚಿಪ್ಪು ಕದಲದಿರುವುದುಂಟು. ನರ ಕೆಟ್ಟ ಸ್ನಾಯುವಾದರೋ ರೂಢಿಯ ಕಿರುಸ್ಪಂದನಕ್ಕೆ ಓಗೊಡದೆ ದೀರ್ಘಸ್ಪಂದನವನ್ನೇ ಬೇಡುತ್ತದೆ. ಸಂಕೋಚವಾಯಿತೋ ಇಲ್ಲವೋ ಎಂಬುದನ್ನೇ ದಾಖಲಿಸದ ಅಧ್ಯಯನದ ಸರಾಸರಿಯನ್ನು ನಾನು ಅಷ್ಟಾಗಿ ನಂಬಲಾರೆ.

ಇನ್ನು ನಮ್ಮ ರೋಗಿಗಳು. ಕಲಘಟಗಿ ತಾಲೂಕಿನ ತಂಬೂರದಿಂದಲೋ ನವಲಗುಂದದ ಎರೆಸೀಮೆಯಿಂದಲೋ ಹುಬ್ಬಳ್ಳಿಯ ವೆಂಟಿಲೇಟರಿಗೆ ಬರುವವರಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಕುಡಿದವರಿದ್ದಾರೆ, ಹಾವು ಕಡಿದವರಿದ್ದಾರೆ. ಆರ್ಗನೊಫಾಸ್ಫರಸ್ ವಿಷದಲ್ಲಿ ಒಂದರಿಂದ ನಾಲ್ಕು ದಿನಗಳೊಳಗೆ ಕತ್ತು, ಭುಜ, ಉಸಿರಿನ ಸ್ನಾಯುಗಳು ಸೋಲುವುದನ್ನು 1987ರಲ್ಲಿ ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆಯವರು ವರ್ಣಿಸಿದರು. ಅಲ್ಲಿ ಕೆಡುವುದು ನರವೂ ಸ್ನಾಯುವೂ ಕೂಡುವ ಸಂಧಿ. ವೇಗವಾಗಿ ಮರಳಿಮರಳಿ ಚೋದಿಸಿದರೆ ಪ್ರತಿಕ್ರಿಯೆ ಕುಂದುತ್ತ ಹೋಗಬಹುದು. ಹಾಗಾದರೆ ಅಂಥವರಿಗೆ ಯಾವ ದಿನ, ಯಾವ ಆವರ್ತನದಲ್ಲಿ ಕರೆಂಟ್ ಹಚ್ಚಬೇಕು? ಅಥೆನ್ಸಿನ, ಓರ್ಲಿಯಾನ್ಸಿನ ಅಂಕಿಗಳಲ್ಲಿ ಇದಕ್ಕೆ ಉತ್ತರವಿಲ್ಲ. ಆ ರೋಗಿಗಳಿರುವುದು ನಮ್ಮ ವಾರ್ಡುಗಳಲ್ಲಿ.