ಮಗುವಿನ ಉಬ್ಬಸ ಮತ್ತು ಮನೆಯ ಗೋಡೆ: ನ್ಯೂಯಾರ್ಕಿನ ಒಂದು ಇತಿಹಾಸ

ಮ್ಯಾನ್‌ಹಟನ್ನಿನ ಆರ್ಚರ್ಡ್ ಬೀದಿಯ 97ನೆಯ ಸಂಖ್ಯೆಯ ಕಟ್ಟಡ ಈಗ ವಸ್ತುಸಂಗ್ರಹಾಲಯ. 1863ರಲ್ಲಿ ಕಟ್ಟಿದ ಈ ಬಾಡಿಗೆ ವಠಾರದಲ್ಲಿ ವಲಸೆ ಬಂದ ಬಡ ಕುಟುಂಬಗಳು ತಲೆಮಾರುಗಳ ಕಾಲ ಬಾಳಿದವು. ಅಲ್ಲಿ ಕೋಣೆಗಳ ನಡುವಣ ಗೋಡೆಯಲ್ಲಿ ಒಂದು ಕಿಟಕಿಯಿದೆ. ಅದು ತೆರೆದುಕೊಳ್ಳುವುದು ಹೊರಗಿನ ಗಾಳಿಗಲ್ಲ, ಪಕ್ಕದ ಕೋಣೆಗೆ. ಬೆಳಕಿಲ್ಲದ ಒಳಕೋಣೆಗೆ ಸಿಕ್ಕ ಪರಿಹಾರ ಅಷ್ಟೇ.

ಜೇಕಬ್ ರೀಸ್ 1890ರಲ್ಲಿ ಇಂತಹ ವಠಾರಗಳ ಬದುಕನ್ನು ಚಿತ್ರಸಹಿತ ಪುಸ್ತಕವಾಗಿ ಪ್ರಕಟಿಸಿದಾಗ ನಗರ ಬೆಚ್ಚಿತು. ಕ್ಷಯವು ಕತ್ತಲೆಯ ಇಕ್ಕಟ್ಟು ಕೋಣೆಗಳಲ್ಲಿ ಹಬ್ಬುತ್ತಿತ್ತು. 1901ರ ವಠಾರ ಕಾಯ್ದೆಯು ಹೊಸದಾಗಿ ಕಟ್ಟುವ ಪ್ರತಿಯೊಂದು ಕೋಣೆಗೂ ಹೊರಗಿನ ಗಾಳಿ ಬೆಳಕಿಗೆ ತೆರೆದ ಕಿಟಕಿ ಇರಬೇಕೆಂದು ವಿಧಿಸಿತು. ರೋಗದ ಮೂಲವನ್ನು ರೋಗಿಯ ದೇಹದಲ್ಲಿ ಮಾತ್ರವಲ್ಲದೆ ಅವನು ಮಲಗುವ ಮನೆಯಲ್ಲಿಯೂ ಹುಡುಕಬೇಕೆಂಬ ತಿಳಿವಳಿಕೆ ಹೀಗೆ ಶಾಸನವಾಯಿತು.

ಆದರೆ ಮಕ್ಕಳ ಆಸ್ತಮಾದ ವಿಷಯದಲ್ಲಿ ಈ ಪಾಠವನ್ನು ವೈದ್ಯಲೋಕ ಬಹುಕಾಲ ಮರೆಯಿತು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಉಬ್ಬಸವನ್ನು ಮನಸ್ಸಿನ ಬೇನೆಯೆಂದು ನಂಬಿದವರು ಅನೇಕರು. ತಾಯಿಯ ಅತಿ ಕಾಳಜಿಯೇ ಕಾರಣವೆಂಬ ವಾದವೂ ಇತ್ತು. ನ್ಯೂಯಾರ್ಕಿನ ವೈದ್ಯ ಮರ್ರೆ ಪೆಶ್ಕಿನ್ ತೀವ್ರ ಉಬ್ಬಸದ ಮಕ್ಕಳನ್ನು ತಂದೆತಾಯಿಯರಿಂದ ದೂರವಿರಿಸುವ ಚಿಕಿತ್ಸೆಯನ್ನು ಪ್ರತಿಪಾದಿಸಿದರು. ಅಂತಹ ಮಕ್ಕಳನ್ನು ಡೆನ್ವರ್ ನಗರದ ಆಶ್ರಯಧಾಮಕ್ಕೆ ಕಳುಹಿಸಲಾಗುತ್ತಿತ್ತು. ಅಲ್ಲಿ ಹಲವರು ಚೇತರಿಸಿಕೊಂಡದ್ದೂ ನಿಜ. ಆದರೆ ಆ ಮಕ್ಕಳು ತಾಯಿಯಿಂದಷ್ಟೇ ಅಲ್ಲ, ಮನೆಯ ಹಾಸಿಗೆ, ಧೂಳು, ತೇವ, ಕೀಟಗಳಿಂದಲೂ ದೂರವಾಗಿದ್ದರು. ಗೋಡೆಯ ಮೇಲೆ ಹೊರಿಸಬೇಕಾದ ಅಪವಾದವನ್ನು ಹೆತ್ತವಳ ಮೇಲೆ ಹೊರಿಸಿದಂತಾಯಿತು.

1960ರ ದಶಕದಲ್ಲಿ ದೃಷ್ಟಿ ಬದಲಾಗತೊಡಗಿತು. ನೆದರ್ಲೆಂಡ್ಸಿನ ಲೈಡನ್ ನಗರದ ಸಂಶೋಧಕರು ಮನೆಯ ಧೂಳಿನ ಅಲರ್ಜಿಗೆ ಕಣ್ಣಿಗೆ ಕಾಣದ ಧೂಳುನುಸಿಯೇ ಮುಖ್ಯ ಕಾರಣವೆಂದು ತೋರಿಸಿದರು. ಜಿರಳೆಯೂ ಅಲರ್ಜಿ ತರಬಲ್ಲದೆಂಬ ವರದಿಗಳು ಅಮೆರಿಕದಲ್ಲಿ ಬಂದವು. 1997ರಲ್ಲಿ ಬ್ರಾಂಕ್ಸ್ ಮತ್ತು ಪೂರ್ವ ಹಾರ್ಲೆಮ್ ಸೇರಿದಂತೆ ಎಂಟು ನಗರಪ್ರದೇಶಗಳ 476 ಮಕ್ಕಳ ಅಧ್ಯಯನ ಪ್ರಕಟವಾಯಿತು. ಆ ಮಕ್ಕಳ ಮಲಗುವ ಕೋಣೆಗಳ ಪೈಕಿ ಅರ್ಧದಷ್ಟರ ಧೂಳಿನಲ್ಲಿ ಜಿರಳೆಯ ಅಲರ್ಜಿಕಾರಕ ಅಂಶ ಹೆಚ್ಚಾಗಿತ್ತು. ಅದಕ್ಕೆ ಅಲರ್ಜಿಯಿದ್ದು, ಅಂತಹ ಕೋಣೆಯಲ್ಲಿಯೇ ಮಲಗುತ್ತಿದ್ದ ಮಕ್ಕಳು ಉಳಿದವರಿಗಿಂತ 3.4 ಪಟ್ಟು ಹೆಚ್ಚಾಗಿ ಆಸ್ಪತ್ರೆ ಸೇರುತ್ತಿದ್ದರು.

ಹಾಗಾದರೆ ಮನೆಯನ್ನು ಸರಿಪಡಿಸಿದರೆ ಮಗು ಚೇತರಿಸಿಕೊಳ್ಳುವುದೇ? 2004ರಲ್ಲಿ ಪ್ರಕಟವಾದ, 937 ಮಕ್ಕಳ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಹಾಸಿಗೆಗೆ ನುಸಿ ತಡೆಯುವ ಹೊದಿಕೆ, ಸೂಕ್ಷ್ಮ ಕಣಗಳನ್ನು ಹಿಡಿಯುವ ವ್ಯಾಕ್ಯೂಮ್, ಕೀಟ ನಿಯಂತ್ರಣ, ಇವೆಲ್ಲವನ್ನೂ ಮಗುವಿನ ಅಲರ್ಜಿಗೆ ತಕ್ಕಂತೆ ಒಟ್ಟಾಗಿ ಕೈಗೊಂಡ ಮನೆಗಳಲ್ಲಿ ಮೊದಲ ವರ್ಷ ಉಬ್ಬಸದ ದಿನಗಳು ಸುಮಾರು 21ರಷ್ಟು ಕಡಿಮೆಯಾದವು. ಮೂರು ವಾರಗಳ ನೆಮ್ಮದಿಯ ಉಸಿರು ಒಂದು ಮಗುವಿಗೆ ಸಣ್ಣ ಲಾಭವಲ್ಲ.

ಈ ವಿಜ್ಞಾನವನ್ನು ಬೀದಿಗೆ ತಂದವರು ಸ್ಥಳೀಯ ಜನರು. ಹಾರ್ಲೆಮ್‌ನಲ್ಲಿ 2001ರಲ್ಲಿ ಆರಂಭವಾದ ಮಕ್ಕಳ ತಪಾಸಣೆಯಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಆಸ್ತಮಾ ಇರುವುದು ತಿಳಿದುಬಂತು. ಬಾಡಿಗೆದಾರರು, ವೈದ್ಯರು, ವಕೀಲರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2018ರಲ್ಲಿ ನ್ಯೂಯಾರ್ಕ್ ನಗರ 55ನೆಯ ಸ್ಥಳೀಯ ಕಾಯ್ದೆಯನ್ನು ಅಂಗೀಕರಿಸಿತು. 2019ರ ಜನವರಿಯಿಂದ ಜಾರಿಯಲ್ಲಿರುವ ಈ ಕಾಯ್ದೆಯ ಪ್ರಕಾರ, ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡದ ಮಾಲೀಕರು ವರ್ಷಕ್ಕೊಮ್ಮೆ ಬೂಷ್ಟು, ಜಿರಳೆ, ಇಲಿಗಳಿಗಾಗಿ ಮನೆ ಪರೀಕ್ಷಿಸಬೇಕು. ನೀರಿನ ಸೋರಿಕೆ, ಗೋಡೆಯ ಬಿರುಕುಗಳಂತಹ ಮೂಲ ಕಾರಣಗಳನ್ನೂ ನಿವಾರಿಸಬೇಕು. ಹಡ್ಸನ್ನಿನ ಈಚೆಗಿರುವ ನ್ಯೂಜೆರ್ಸಿಗೆ ಈ ಕಾಯ್ದೆ ಅನ್ವಯಿಸದು. ಇಲ್ಲಿನ ಕುಟುಂಬಗಳು ತಮ್ಮ ಊರಿನ ಆರೋಗ್ಯ ಅಥವಾ ವಸತಿ ತಪಾಸಣಾ ಕಚೇರಿಗೆ ದೂರು ಕೊಡಬಹುದು.

ಇದು ಪರರ ಕಥೆಯೆಂದು ನಾವು ಭಾವಿಸುವಂತಿಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಎರಡು ದಶಕ ಕಾಲ ಪರಿಶೀಲಿಸಿ, ಆಸ್ತಮಾದ ಪ್ರಮಾಣ 1979ರ ಶೇ. 9ರಿಂದ 1999ರ ವೇಳೆಗೆ ಶೇ. 29.5ಕ್ಕೆ ಏರಿತೆಂದು ದಾಖಲಿಸಿದರು. ಆ ಊರಿನಿಂದ ಬಂದ ನಮ್ಮಲ್ಲಿಯೂ ಹಳೆಯ ಅಪವಾದದ ಕನ್ನಡ ರೂಪವೊಂದು ಉಳಿದಿದೆ: "ಮಗುವಿನದು ಶೀತದ ದೇಹ", "ಮೊಸರು ಕೊಟ್ಟಿದ್ದೇ ತಪ್ಪು", "ಬಾಳೆಹಣ್ಣು ಯಾಕೆ ಕೊಟ್ಟಿರಿ?"

ವೈದ್ಯರಾಗಿಯೂ ನಾವು ಇದೇ ತಪ್ಪು ಮಾಡಿದ್ದೇವೆ. ಈ ದೇಶಕ್ಕೆ ಬಂದ ಹೊಸತರಲ್ಲಿ ನೆಲಮಾಳಿಗೆಯ ಬಾಡಿಗೆ ಮನೆಯಲ್ಲಿದ್ದಾಗ ನಮ್ಮ ಮಗಳು ಒಂದು ಚಳಿಗಾಲವಿಡೀ ರಾತ್ರಿ ಕೆಮ್ಮಿದಳು. ಔಷಧ ಬದಲಿಸಿದೆವು, ಊಟ ಬದಲಿಸಿದೆವು, ಊರಿನಿಂದ ಬಂದ ಅಜ್ಜಿಯ ಕಷಾಯವನ್ನೂ ಕುಡಿಸಿದೆವು. ವಸಂತದಲ್ಲಿ ಮಂಚ ಸರಿಸಿದಾಗ ಅದರ ಹಿಂದಿನ ಗೋಡೆಯ ಮೇಲೆ ಕಪ್ಪು ಬೂಷ್ಟು ಮೊಳದಷ್ಟು ಹಬ್ಬಿತ್ತು. ಮನೆ ಮಾಲೀಕರಿಗೆ ಹೇಳಲು ಅಂಜಿ ಮತ್ತೆರಡು ತಿಂಗಳು ಸುಮ್ಮನಿದ್ದೆವು. ಆ ಎರಡು ತಿಂಗಳು ಇಂದಿಗೂ ನಮ್ಮನ್ನು ಚುಚ್ಚುತ್ತವೆ.

ಆದ್ದರಿಂದ ನಮ್ಮ ಸದಸ್ಯ ಕುಟುಂಬಗಳಲ್ಲಿ ಕೆಲವು ವಿನಂತಿಗಳು. ಮೊದಲನೆಯದಾಗಿ, ವೈದ್ಯರು ಕೊಟ್ಟ ಇನ್‌ಹೇಲರನ್ನು ಬಂಧುಗಳ ಮುಂದೆ ಬಚ್ಚಿಡಬೇಡಿ, ತಾವಾಗಿಯೇ ನಿಲ್ಲಿಸಬೇಡಿ. ಮಗುವಿನ ಮಂಚವನ್ನು ತೇವದ ಗೋಡೆಯಿಂದ ದೂರವಿಡಿ. ಹಾಸು ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಮನೆಯೊಳಗಿನ ತೇವಾಂಶ ಶೇ. 50 ಮೀರದಂತೆ ನೋಡಿಕೊಳ್ಳಿ. ಜಿರಳೆಗೆ ಔಷಧ ಸಿಂಪಡಿಸಿದರೆ ಆ ವಾಸನೆಯೇ ಉಬ್ಬಸ ತರಬಹುದು. ಮಕ್ಕಳ ಕೈಗೆಟುಕದಂತೆ ಜೆಲ್ ಇಟ್ಟು, ಬಿರುಕುಗಳನ್ನು ಮುಚ್ಚಿ. ಒಗ್ಗರಣೆ ಹಾಕುವಾಗ ಹೊಗೆಯನ್ನು ಹೊರಗೆ ಕಳುಹಿಸುವ ಫ್ಯಾನ್ ಹಾಕಿ, ಇಲ್ಲವೇ ಕಿಟಕಿ ತೆರೆಯಿರಿ. ದೇವರ ಮುಂದೆ ತುಪ್ಪದ ದೀಪ ಬೆಳಗಲಿ. ಉಬ್ಬಸದ ಮಗುವಿರುವ ಮನೆಯಲ್ಲಿ ಊದುಬತ್ತಿ, ಸಾಂಬ್ರಾಣಿ ಹೊಗೆ ಬೇಡ. ಮನೆಯೊಳಗೆ ಧೂಮಪಾನವಂತೂ ಸರ್ವಥಾ ಸಲ್ಲದು.

ಬಾಡಿಗೆ ಮನೆಯಲ್ಲಿ ಬೂಷ್ಟು ಕಂಡರೆ ದಿನಾಂಕ ಸಹಿತ ಚಿತ್ರ ತೆಗೆದು ಮಾಲೀಕರಿಗೆ ಬರಹದಲ್ಲಿ ತಿಳಿಸಿ. ಇದಕ್ಕೆ ಸಂಕೋಚ ಬೇಡ. ಒಂದು ಕಿಟಕಿಗಾಗಿ ಈ ನಗರದ ವಲಸಿಗರು ದಶಕಗಳ ಕಾಲ ಕಾದರು. ಅವರ ನಂತರ ಬಂದ ನಾವು ಒಂದು ಪತ್ರ ಬರೆಯಲು ಹಿಂಜರಿಯಬಾರದು.